ಒಂಬತ್ತು ಗಂಟೆಯ ನಾವು

ಗೋರೆಗಾಂವದವರಿಗೆ ಸಿನಿಮಾದವರನ್ನು ಕಂಡರೆ ಅಷ್ಟೇನೂ ಬೆರಗಿಲ್ಲ. ಪಶ್ಚಿಮದಲ್ಲಿ ಎಸ್.ವಿ. ರೋಡಿನಲ್ಲಿ 1943ರಷ್ಟು ಹಳೆಯ ಫಿಲ್ಮಿಸ್ತಾನ್ ಸ್ಟುಡಿಯೊ. ಪೂರ್ವದಲ್ಲಿ ಆರೆ ಕಾಲೋನಿಯ ಎಮ್ಮೆ ಕೊಟ್ಟಿಗೆಗಳಾಚೆ 1977ರಲ್ಲಿ ಸರಕಾರವೇ ಕಟ್ಟಿಸಿದ ಚಿತ್ರನಗರಿ. ನಡುವೆ ರೈಲು ಹಳಿ, ಹಳಿಯ ಎರಡೂ ಮಗ್ಗುಲಲ್ಲಿ ನಾವು. ನಮ್ಮ ಗಲ್ಲಿಯಲ್ಲಿ ಮೆಂತೆಸೊಪ್ಪು ಮಾರುವ ಹೆಂಗಸು ಆಗಾಗ ಚಿತ್ರನಗರಿಯ ನಕಲಿ ದೇವಸ್ಥಾನದಲ್ಲಿ ಭಕ್ತೆಯಾಗಿ ಕೈಮುಗಿದು ಬಂದು, ಮರುದಿನ ಅದೇ ಕುಂಕುಮದಲ್ಲಿ ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತ ಕೂತಿರುತ್ತಿದ್ದಳು. ದೊಡ್ಡ ನಟನ ಕಾರು ಆರೆ ರೋಡಿನಲ್ಲಿ ಸಿಕ್ಕಿಬಿದ್ದರೆ, ಆತನನ್ನು ನೋಡುವುದಕ್ಕಿಂತ ಆತನಿಂದಾಗಿ ನಿಂತುಹೋದ ತಮ್ಮ ರಿಕ್ಷಾದ ಮೀಟರನ್ನೇ ಜನ ಹೆಚ್ಚು ಕಳವಳದಿಂದ ನೋಡುತ್ತಿದ್ದರು.

ಇಂಥ ಊರಿನವರು ಒಂದು ಕಾಲದಲ್ಲಿ ರಾತ್ರಿ ಒಂಬತ್ತಕ್ಕೆ ಅನ್ನದ ತಟ್ಟೆ ಹಿಡಿದು ಟೀವಿಯ ಮುಂದೆ ಕೂರುತ್ತಿದ್ದುದು ತಮ್ಮದೇ ಗಟಾರವನ್ನು ನೋಡುವುದಕ್ಕೆ ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಆದರೂ ಅದು ನಿಜ. ಗಟಾರವನ್ನು ಮಾತ್ರವಲ್ಲ, ಗಟಾರದ ಪಕ್ಕದಲ್ಲಿ ನಿಂತ ನಮ್ಮನ್ನು.

ಅದನ್ನು ತೋರಿಸುತ್ತಿದ್ದ ಕೇಬಲ್ ವಾಹಿನಿಯ ಹೆಸರು ಇಲ್ಲಿ ಬೇಡ. ಅದನ್ನು ನಡೆಸುತ್ತಿದ್ದವನ ಹೆಸರೂ ಬೇಡ. ನಮಗಾದರೂ ಅದು ತಿಂಗಳ ರಶೀದಿಯಿಂದಷ್ಟೇ ಗೊತ್ತು. ಊರಿಗೆಲ್ಲ ಅವನು ‘ಕೇಬಲ್‌ವಾಲಾ’. ಎಂಬತ್ತರ ದಶಕದಲ್ಲಿ ಅವನು ಸ್ಟೇಷನ್ನಿನ ಹತ್ತಿರ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಪುಟ್ಟ ಗಾಲಾ ಇಟ್ಟಿದ್ದ. ಕ್ಯಾಸೆಟ್ಟು ಮನೆಮನೆಗೆ ಹೋಗಿ ಮರಳಿ ಬಾರದಿದ್ದುದನ್ನು ಕಂಡು, ಕ್ಯಾಸೆಟ್ಟು ಇಲ್ಲೇ ಇರಲಿ, ಚಿತ್ರ ಮಾತ್ರ ಮನೆಮನೆಗೆ ಹೋಗಲಿ ಎಂದು ಯೋಚಿಸಿದ. ಒಂದು ವಿಸಿಆರ್‌ನಿಂದ ತಂತಿ ಎಳೆದು, ಟೆರೇಸಿನಿಂದ ಟೆರೇಸಿಗೆ, ತೆಂಗಿನ ಮರದಿಂದ ಗುಲ್‌ಮೊಹರ್ ಮರಕ್ಕೆ ಹಾಯಿಸಿ, ಕೊನೆಗೆ ನಮ್ಮ ಕಿಟಕಿಯ ಸರಳಿನ ಮೂಲಕ ಒಳಗೆ ತಂದ. ದಾರಿಯಲ್ಲಿ ಚಿತ್ರ ಸೊರಗುತ್ತಿತ್ತು. ತಂತಿಯ ಮೊದಲ ಮನೆಯವರಿಗೆ ಹೇಮಾಮಾಲಿನಿ ಸ್ಪಷ್ಟ. ನಾವು ತುದಿಯವರು, ನಮಗೆ ಸೀರೆಯ ಬಣ್ಣ ಕಂಡರೆ ಹೆಚ್ಚು. ನಡುವೆ ಮೆಟ್ಟಿಲ ಬುಡದಲ್ಲಿ ಅವನೊಂದು ಆಂಪ್ಲಿಫಯರ್ ಡಬ್ಬಿ ಕೂರಿಸಿದ. ಅದರ ಬಿಸಿಗೆ ಸೊಸೈಟಿಯ ಬೆಕ್ಕು ಅಲ್ಲೇ ಮರಿ ಹಾಕಿತು.

1991ರ ಕೊಲ್ಲಿ ಯುದ್ಧ ಬಂತು, ಆಕಾಶದಿಂದ ಚಿತ್ರ ಇಳಿಯತೊಡಗಿತು. 1992ರ ಅಕ್ಟೋಬರಿನಲ್ಲಿ ಝೀ ಟೀವಿ. ಕೇಬಲ್‌ವಾಲಾ ಟೆರೇಸಿನ ಮೇಲೆ ದೊಡ್ಡ ಬಾಣಲೆಯಂಥ ಡಿಶ್ಶುಗಳನ್ನು ನೆಟ್ಟ. ಒಂದೊಂದು ಉಪಗ್ರಹಕ್ಕೆ ಒಂದೊಂದು ಡಿಶ್, ಒಂದೊಂದು ದಿಕ್ಕು. 1994ರ ಜೂನ್ 1ಕ್ಕೆ ಉದಯ ಟೀವಿ ಆರಂಭವಾದಾಗ ಗೋರೆಗಾಂವದ ಕನ್ನಡಿಗರೆಲ್ಲ ಅವನ ಬೆನ್ನು ಹತ್ತಿದೆವು. ‘ಅಂಕಲ್, ನಾಲ್ಕು ಮನೆಗೆ ಒಂದು ಡಿಶ್ ತಿರುಗಿಸಲಾ?’ ಎಂದು ಅವನು ನಕ್ಕ. ನಾಲ್ಕು ಮನೆಯಲ್ಲ ಎಂದು ತೋರಿಸಿಕೊಟ್ಟವರು ಹೋಟೆಲಿನ ಶೆಟ್ಟರು. ಅವನ ತಂತಿ ಎಳೆಯುವ ಹುಡುಗರೆಲ್ಲ ಬೆಳಗಿನ ಇಡ್ಲಿ ತಿನ್ನುತ್ತಿದ್ದುದು ಅವರಲ್ಲಿ, ಉದ್ರಿಯಲ್ಲಿ. ಒಂದು ದಿನ ಶೆಟ್ಟರು ಗಲ್ಲಾದ ಮೇಲೆ ಕೂತು ಉದ್ರಿ ಪುಸ್ತಕವನ್ನು ಸುಮ್ಮನೆ ಮಗುಚಿದರಂತೆ, ಏನೂ ಹೇಳಲಿಲ್ಲವಂತೆ. ವಾರದೊಳಗೆ ಡಿಶ್ಶು ತಿರುಗಿತು, ನಮಗೆ ಡಾ. ರಾಜಕುಮಾರ್ ಬಂದರು.

1995ರಲ್ಲಿ ಕೇಬಲ್ ಕಾಯ್ದೆ ಬಂದು, ಕೇಬಲ್ ನಡೆಸುವವರೆಲ್ಲ ಹೋಗಿ ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದಾಯಿತು. ಉಪಗ್ರಹದಿಂದ ಬಿದ್ದ ಚಿತ್ರಕ್ಕೆ ಅಂಚೆಯವರ ಮುದ್ರೆ! ಕೇಬಲ್‌ವಾಲಾ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗಣಪತಿಯ ಪಕ್ಕದಲ್ಲಿ ತೂಗುಹಾಕಿದ. ಆ ಹೊತ್ತಿಗೆ ದೊಡ್ಡವರೂ ಈ ಧಂಧೆಗೆ ಇಳಿದಿದ್ದರು. ಝೀಯವರ ಸಿಟಿ ಕೇಬಲ್, ಹಿಂದುಜಾರ ಇನ್‌ಕೇಬಲ್‌ನೆಟ್, ರಹೇಜಾರ ಹಾಥ್‌ವೇ. ಹಿಂದುಜಾರ ‘ಇನ್ ಮುಂಬೈ’ ಎಂಬ ವಾಹಿನಿ ನಗರದ ಸುದ್ದಿಯನ್ನೇ ಹೇಳತೊಡಗಿತು. ಅದನ್ನು ಒಂದು ತಿಂಗಳು ನೋಡಿದ ನಮ್ಮವನು ಒಂದೇ ತಕರಾರು ತೆಗೆದ: ‘ಇವರ ಮುಂಬೈ ಬಾಂದ್ರಾಕ್ಕೆ ಮುಗಿಯುತ್ತದೆ. ನಮ್ಮ ಗೋರೆಗಾಂವ್ ಎಲ್ಲಿ?’

ಹೀಗೆ ಶುರುವಾಯಿತು ನಮ್ಮೂರ ಸುದ್ದಿ.

ಸ್ಟುಡಿಯೊ ಎಂದರೆ ಅದೇ ಕ್ಯಾಸೆಟ್ಟಿನ ಗಾಲಾ. ಹಿಂದೆ ಗೇಟ್‌ವೇ ಆಫ್ ಇಂಡಿಯಾದ ದೊಡ್ಡ ಪೋಸ್ಟರು; ಗೋರೆಗಾಂವದ್ದೆಂದು ತೋರಿಸಲು ಅಂಥ ಗುರುತೇನೂ ಸಿಗದೆ ಅದನ್ನೇ ಅಂಟಿಸಿದ್ದು. ಕ್ಯಾಮೆರಾ ಮದುವೆಗಳಿಗೆ ಬಾಡಿಗೆಗೆ ಹೋಗುವ ಪ್ಯಾನಸೋನಿಕ್. ಆದ್ದರಿಂದ ಮುಹೂರ್ತ ಹೆಚ್ಚಿರುವ ತಿಂಗಳಲ್ಲಿ ಸುದ್ದಿ ಕಡಿಮೆ. ಸುದ್ದಿ ಓದುವವಳು ಕಾಲೇಜಿನ ಎರಡನೆಯ ವರ್ಷದ ಹುಡುಗಿ, ಮರಾಠಿಯಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಿದ್ದಳು. ಸದ್ದು ಬರುತ್ತದೆಂದು ಫ್ಯಾನು ಆರಿಸುತ್ತಿದ್ದರಿಂದ ಮೇ ತಿಂಗಳಲ್ಲಿ ಅವಳು ಯಾವ ಸುದ್ದಿ ಓದಿದರೂ ದುಃಖದ ಸುದ್ದಿಯಂತೆ ಕಾಣುತ್ತಿತ್ತು. ಅವಳ ಹಣೆಯ ಬೆವರು ಮೂಗಿನ ಕಡೆಗೆ ಇಳಿಯುವುದನ್ನು ಇಡೀ ಗೋರೆಗಾಂವ್ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಆಮೇಲೆ ಅವಳಿಗೆ ಪುಣೆಯ ಹುಡುಗ ಗೊತ್ತಾದ. ಮದುವೆಯ ಸುದ್ದಿಯನ್ನು ಅವಳೇ ನಾಚುತ್ತ ಓದಿದಳು. ಮಾರನೆಯ ವಾರದಿಂದ ಕ್ಯಾಮೆರಾದವನ ತಂಗಿ ಓದಿದಳು. ಅವಳಿಗೆ ಬೆವರುತ್ತಿರಲಿಲ್ಲ, ನಮಗೆ ಅಷ್ಟು ರುಚಿಸಲಿಲ್ಲ.

ರೆಕಾರ್ಡಾದ ಕ್ಯಾಸೆಟ್ಟನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಕಂಟ್ರೋಲ್ ರೂಮಿಗೆ ಒಯ್ಯಬೇಕು. ಪೂರ್ವದಲ್ಲೊಂದು ಕಂಟ್ರೋಲ್ ರೂಮು, ಪಶ್ಚಿಮದಲ್ಲೊಂದು. ರೈಲು ಹಳಿಯನ್ನು ದಾಟಿಸಿ ತಂತಿ ಎಳೆಯುವುದು ಅವನಿಂದ ಸಾಧ್ಯವಿರಲಿಲ್ಲ. ಹಾಗಾಗಿ ಒಂದು ಪ್ರತಿ ಸ್ಕೂಟರಿನಲ್ಲಿ, ಇನ್ನೊಂದು ಪ್ರತಿ ಹುಡುಗನೊಬ್ಬನ ಕೈಯಲ್ಲಿ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು ಪೂರ್ವಕ್ಕೆ ಹೋಗುತ್ತಿತ್ತು. ಹುಡುಗನಿಗೆ ಸೇತುವೆಯ ಮೇಲೆ ಗೆಳೆಯರು ಸಿಕ್ಕರೆ ಪೂರ್ವದವರಿಗೆ ಸುದ್ದಿ ತಡ. ಆ ಕಡೆಯಿಂದ ಫೋನು ಮಾಡಿ ‘ನಿಮ್ಮಲ್ಲಿ ಬಂತಾ? ನಮ್ಮಲ್ಲಿನ್ನೂ ಸುದ್ದಿಗೆ ಮುಂಚಿನ ಗುಡ್ಡದ ಚಿತ್ರವೇ ಇದೆ’ ಎಂದು ಅಲ್ಲಿಯ ನೆಂಟರು ವಿಚಾರಿಸುವರು. ನಾವು ಪಶ್ಚಿಮದವರು ಆಗ ಸುದ್ದಿ ಮೊದಲೇ ತಿಳಿದ ದೊಡ್ಡಸ್ತಿಕೆಯಿಂದ, ‘ಬರ್ತದೆ, ಬರ್ತದೆ, ನೋಡಿ’ ಎನ್ನುವೆವು.

ತಿಳಿಯುವುದೇನು ಬಂತು! ಆ ಸುದ್ದಿಯಲ್ಲಿ ಹೊಸದೆಂಬುದು ಒಂದೂ ಇರುತ್ತಿರಲಿಲ್ಲ. ಮೋತಿಲಾಲ್ ನಗರದಲ್ಲಿ ನಲ್ಲಿ ಬಂದಿಲ್ಲವೆಂಬುದು ಮೋತಿಲಾಲ್ ನಗರಕ್ಕೆ ಬೆಳಿಗ್ಗೆ ಐದಕ್ಕೇ ಗೊತ್ತು. ಜವಾಹರ್ ನಗರದ ಗುಂಡಿಗೆ ಬಿದ್ದ ಸ್ಕೂಟರಿನವನನ್ನು ಎತ್ತಿದವರೇ ನಾವು. ಆದರೂ ಒಂಬತ್ತರವರೆಗೆ ಏನೋ ಒಂದು ಬಾಕಿ ಉಳಿದಂತೆ. ನಲ್ಲಿ ಬರದಿದ್ದುದು ಬೆಳಿಗ್ಗೆ ಬರಿಯ ಗೋಳು. ರಾತ್ರಿ ಆ ಹುಡುಗಿ ಗೇಟ್‌ವೇಯ ಮುಂದೆ ಕೂತು ಓದಿದ ಮೇಲೆ ಅದು ಸಂಗತಿ. ನಮ್ಮ ಹೋಟೆಲಿನ ಶೆಟ್ಟರು ಗ್ಯಾಸ್ ಸಿಲಿಂಡರ್ ಕಳವಾದಾಗ ಪೊಲೀಸ್ ಸ್ಟೇಷನ್ನಿಗಿಂತ ಮೊದಲು ಗಾಲಾಕ್ಕೆ ಹೋದರು. ‘ಪೊಲೀಸರು ಬರೆದುಕೊಂಡರೆ ಅವರಿಗೆ ಮಾತ್ರ ಗೊತ್ತಾಗ್ತದೆ ಮಾರಾಯ್ರೆ’ ಎನ್ನುವುದು ಅವರ ವಾದ. ಸಿಲಿಂಡರ್ ಸಿಗಲಿಲ್ಲ. ‘ಸ್ವಲ್ಪ ದಪ್ಪ ಕಂಡೆ ಅಲ್ವಾ?’ ಎಂದು ವಾರವಿಡೀ ಗಿರಾಕಿಗಳನ್ನು ಕೇಳಿದರು.

ಬೈಟ್ ಕೊಡುವುದೆಂದರೆ, ಕ್ಯಾಮೆರಾದ ಮುಂದೆ ನಾಲ್ಕು ಮಾತಾಡುವುದೆಂದರೆ, ಒಂದು ಶುಭಕಾರ್ಯ. ಹೆಂಗಸರು ನೀರಿನ ಕೊಡ ಹಿಡಿದು ಪ್ರತಿಭಟನೆಗೆ ಹೋಗುವಾಗಲೂ ಪತ್ತಲ ಬದಲಿಸಿ ಹೋಗುತ್ತಿದ್ದರು. ಖಾಲಿ ಕೊಡ ಮಾತ್ರ ಹಳತು. ನೀರಿನ ಜಗಳ ಗೋರೆಗಾಂವಕ್ಕೆ ಹೊಸದಲ್ಲ. ಮೃಣಾಲ್ ಗೋರೆಯವರು ಅದನ್ನೇ ಹಿಡಿದು ‘ಪಾನಿವಾಲಿ ಬಾಯಿ’ ಎನಿಸಿಕೊಂಡ ಊರು ಇದು. 1977ರಲ್ಲಿ ಅವರು ಲೋಕಸಭೆಗೆ ಗೆದ್ದು ಇಂದಿರಾ ಗಾಂಧಿ ಸೋತಾಗ, ‘ಪಾನಿವಾಲಿ ಬಾಯಿ ದಿಲ್ಲಿಯಲ್ಲಿ, ದಿಲ್ಲಿವಾಲಿ ಬಾಯಿ ಪಾನಿಯಲ್ಲಿ’ ಎಂದು ಜನ ಕೂಗಿದ್ದನ್ನು ಹಳಬರು ಇನ್ನೂ ಚಪ್ಪರಿಸಿ ಹೇಳುತ್ತಾರೆ. ಆಗ ಲಟ್ಟಣಿಗೆ, ತಟ್ಟೆ ಬಡಿದು ಮೆರವಣಿಗೆ ಹೊರಟವರಿಗೆ ಕ್ಯಾಮೆರಾದ ಹಂಗಿರಲಿಲ್ಲ. ನಮ್ಮ ಕಾಲದವರು ಕ್ಯಾಮೆರಾ ಬರುವವರೆಗೆ ನೆರಳಲ್ಲಿ ಕಾಯುತ್ತಿದ್ದೆವು; ಅಷ್ಟೇ ವ್ಯತ್ಯಾಸ.

ಆರೆಯ ಚಿರತೆಯ ಸುದ್ದಿಯಂತೂ ಮರೆಯುವಂಥದಲ್ಲ. ರಾಷ್ಟ್ರೀಯ ಉದ್ಯಾನದ ಕಾಡು ಆರೆಗೆ ತಾಗಿಕೊಂಡೇ ಇರುವುದರಿಂದ ಚಿರತೆ ಅಲ್ಲಿಗೆ ಬಂದುಹೋಗುವುದು ಮಾಮೂಲು. ಒಮ್ಮೆ ಕ್ಯಾಮೆರಾದವನು ರಾತ್ರಿಯೇ ಹೋದ. ಒಂಬತ್ತಕ್ಕೆ ನಾವು ಕಂಡದ್ದು ಬರಿಯ ಕತ್ತಲೆ. ಐದು ನಿಮಿಷದ ಅಪ್ಪಟ ಕತ್ತಲೆ, ಹಿನ್ನೆಲೆಯಲ್ಲಿ ಅವನ ಉಸಿರು. ಕೊನೆಯಲ್ಲಿ ‘ಚಿರತೆ ಇಲ್ಲೇ ಇತ್ತು’ ಎಂದು ಹುಡುಗಿ ಓದಿದಳು. ನನ್ನವಳು ಎದ್ದು ಹೋಗಿ ಅಡುಗೆಮನೆಯ ಕಿಟಕಿಗೆ ಚಿಲಕ ಹಾಕಿ ಬಂದಳು. ಆಮೇಲೆ ರಾಷ್ಟ್ರೀಯ ವಾಹಿನಿಗಳಲ್ಲಿ ಎಷ್ಟೋ ಚಿರತೆಗಳನ್ನು ಹಲ್ಲು ಸಮೇತ ನೋಡಿದ್ದೇವೆ. ಯಾವ ಚಿರತೆಗೂ ನಮ್ಮ ಮನೆಯ ಚಿಲಕ ಬಿದ್ದದ್ದಿಲ್ಲ.

ಊರಿನವರೆಲ್ಲ ಸೇರಿ ಒಂದು ಯಕ್ಷಗಾನ ಆಡಿಸಿದಾಗ ಕೇಬಲ್‌ವಾಲಾನನ್ನು ಕರೆದೆವು. ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿ ಹಿಡಿದು ಆರ್ಭಟಿಸುತ್ತ ಬಂದು ರಂಗಸ್ಥಳಕ್ಕೆ ಹತ್ತಿದ, ಮಕ್ಕಳು ಅತ್ತವು, ರಾಳದ ಹೊಗೆಗೆ ಮುದುಕರು ಕೆಮ್ಮಿದರು. ಎಲ್ಲ ಮುಗಿದ ಮೇಲೆ ಕ್ಯಾಮೆರಾದವನು ತಣ್ಣಗೆ, ‘ಬ್ಯಾಟರಿ ಬದಲಿಸ್ತಾ ಇದ್ದೆ, ಇನ್ನೊಮ್ಮೆ ಬರಬಹುದಾ?’ ಎಂದು ಕೇಳಿದ. ಭಾಗವತರು ಕೆಂಡವಾದರು. ಮಹಿಷಾಸುರ ಮಾತ್ರ, ಹಗಲು ಒಂದು ಕ್ಯಾಂಟೀನಿನಲ್ಲಿ ಲೆಕ್ಕ ಬರೆಯುವ ಸಾಧು ಮನುಷ್ಯ, ಕಿರೀಟ ಬಗ್ಗಿಸಿಕೊಂಡು ಮತ್ತೆ ಬಾಗಿಲ ತನಕ ನಡೆದುಹೋಗಿ, ಇನ್ನೊಮ್ಮೆ ಆರ್ಭಟಿಸಿದ. ಎರಡನೆಯ ಸಲಕ್ಕೆ ಮಕ್ಕಳು ಅಳಲಿಲ್ಲ, ಚಪ್ಪಾಳೆ ತಟ್ಟಿದವು. ಟೀವಿಯಲ್ಲಿ ಬಂದದ್ದು ಆ ಎರಡನೆಯ ಮಹಿಷಾಸುರನೇ. ಅವನ ಹೆಂಡತಿ ಆ ತುಣುಕನ್ನು ಊರಿಗೆ, ಕುಂದಾಪುರಕ್ಕೆ, ಕ್ಯಾಸೆಟ್ಟು ಮಾಡಿಸಿ ಕಳಿಸಿದಳು. ಊರಲ್ಲಿ ವಿಸಿಆರ್ ಇದ್ದದ್ದು ಯಾರ ಮನೆಯಲ್ಲೋ ದೇವರೇ ಬಲ್ಲ.

2000ದ ಜುಲೈ ನಮ್ಮ ವಾಹಿನಿಗೆ ಮೊದಲ ಪೆಟ್ಟು. ರಾತ್ರಿ ಒಂಬತ್ತಕ್ಕೆ ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾಯಿತು. ಅದರ ಚಿತ್ರೀಕರಣ ನಡೆಯುತ್ತಿದ್ದುದೂ ನಮ್ಮ ಚಿತ್ರನಗರಿಯಲ್ಲೇ. ಗೋರೆಗಾಂವದ ಸುದ್ದಿಯನ್ನು ಗೋರೆಗಾಂವವೇ ಮುಳುಗಿಸಿತು ಎನ್ನಬೇಕು. ಕೇಬಲ್‌ವಾಲಾ ವಿನಯದಿಂದ ಹತ್ತಕ್ಕೆ ಸರಿದ. ಹತ್ತೂವರೆಗೆ ಅತ್ತೆ-ಸೊಸೆಯ ಧಾರಾವಾಹಿ; ಅಮಿತಾಭರಿಗೂ ಅತ್ತೆಗೂ ನಡುವೆ ಸಿಕ್ಕಿದ ಅರ್ಧ ಗಂಟೆ ಅವನದು. ಅಕ್ಟೋಬರಿಗೆ ಆ ಅರ್ಧ ಗಂಟೆಗೂ ಇನ್ನೊಂದು ಮನೆಮನೆಯ ಕಥೆ ಬಂದು ಕೂತಿತು. ಅವನು ಮರಳಿ ಒಂಬತ್ತಕ್ಕೇ ಬಂದ. ‘ನೋಡುವವರು ನೋಡ್ತಾರೆ’ ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಆ ವಾಹಿನಿಗೆ ದೊರೆತ ಅತಿ ದೊಡ್ಡ ಸುದ್ದಿ 2005ರ ಜುಲೈ 26ರದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಅಳೆದ ದಿನ. ಮೋತಿಲಾಲ್ ನಗರ, ಸಿದ್ಧಾರ್ಥ್ ನಗರಗಳ ಬೈಠಿ ಚಾಳುಗಳಿಗೆ ನೀರು ನುಗ್ಗಿತು. ಕ್ಯಾಮೆರಾದವನು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗೆಳೆಯನ ಹೆಗಲೇರಿ ಚಿತ್ರ ತೆಗೆದ. ಆದರೆ ಕರೆಂಟೇ ಇರಲಿಲ್ಲ. ಯಾರೂ ನೋಡಲಾಗದ ರಾತ್ರಿ ಅವನ ಕೈಯಲ್ಲಿ ಎಲ್ಲರೂ ನೋಡಬೇಕಾದ ಚಿತ್ರವಿತ್ತು. ಕರೆಂಟು ಬಂದ ಮೇಲೆ ಅದನ್ನು ಒಂದು ವಾರ ಹಾಕಿದ, ಹಗಲೂ ಹಾಕಿದ. ಆಗ ದೇಶದ ವಾಹಿನಿಗಳೆಲ್ಲ ಮುಂಬಯಿಯ ನೀರನ್ನೇ ತೋರಿಸುತ್ತಿದ್ದವು. ಅದು ಬರಿಯ ನೀರು. ಇದು ನಮ್ಮ ಗೇಟಿನ ಮೂರನೇ ಸರಳಿನ ತನಕ ಬಂದ ನೀರು.

ಆ ತುಣುಕಿನಲ್ಲಿ ಒಂದು ಕಡೆ, ಹುಡುಗರು ಹಗ್ಗ ಕಟ್ಟುತ್ತಿರುವ ದೃಶ್ಯದ ಹಿಂದೆ, ನಮ್ಮ ಮೇಲಿನ ಮಹಡಿಯ ಕಾಕಾ ಹಾದುಹೋಗುತ್ತಾರೆ. ಮೊಣಕಾಲ ಮೇಲಿನ ನೀರಿನಲ್ಲಿ, ಪ್ಯಾಂಟು ಮಡಚಿ, ಮುಚ್ಚಿದ ಕೊಡೆ ಕಂಕುಳಲ್ಲಿ, ಆರೆ ಹಾಲಿನ ಚೀಲವನ್ನು ದೀಪದಾರತಿಯಷ್ಟು ಎತ್ತರಕ್ಕೆ ಹಿಡಿದು. ಊರು ಮುಳುಗುವಾಗಲೂ ಅವರಿಗೆ ಹಾಲಿನ ಹೊತ್ತು ತಪ್ಪಬಾರದು. ನಾವೆಲ್ಲ ನೋಡಿ ನಕ್ಕೆವು. ಅವರ ಹೆಂಡತಿ ಕಾಕು ಎಲ್ಲರಿಗಿಂತ ಹೆಚ್ಚು ನಕ್ಕರು. ‘ಅಂಗಡಿಯವನೇ ಬಂದಿರಲಿಲ್ಲ, ಅವನ ಮನೆಗೇ ಹೋಗಿ ತಂದರು, ಮೂರ್ಖರು’ ಎಂದರು.

ಮರುವರ್ಷದ ಜನವರಿಯಲ್ಲಿ ಕಾಕಾ ಹೋದರು. ನಿದ್ದೆಯಲ್ಲೇ ಆದದ್ದು. ಅದಕ್ಕೆ ಯಾವ ಕ್ಯಾಮೆರಾವೂ ಬರಲಿಲ್ಲ.

ಜೂನ್ ಬಂತು, ಮಳೆ ಶುರುವಾಯಿತು. ಕೇಬಲ್‌ವಾಲಾನ ಜಿಪುಣತನ ಎಲ್ಲರಿಗೂ ಗೊತ್ತಿದ್ದದ್ದೇ. ಮಳೆಯ ಸುದ್ದಿಗೆ ಹೊಸದಾಗಿ ನೆನೆಯಲು ಹೋಗದೆ ಕಳೆದ ವರ್ಷದ ನೀರನ್ನೇ ಹಾಕಿದ. ಹುಡುಗರು ಹಗ್ಗ ಕಟ್ಟಿದರು, ಕಾಕಾ ಹಾಲು ಹಿಡಿದು ಹಾದುಹೋದರು. ಮೇಲಿನ ಮಹಡಿಯಲ್ಲಿ ಟೀವಿಯ ಸದ್ದು ಒಮ್ಮೆಲೆ ನಿಂತದ್ದು ನಮಗೆ ಕೇಳಿಸಿತು. ಕಾಕು ಸದ್ದು ಮುಚ್ಚಿ ನೋಡುತ್ತಿದ್ದಿರಬೇಕು. ಅದರ ಮರುವರ್ಷವೂ ಅದೇ. ಇನ್ನೊಂದು ವರ್ಷವೂ. ನಮ್ಮ ಕಾಕು ಮಳೆಯ ಮುನ್ಸೂಚನೆಯನ್ನು ರೈತರಿಗಿಂತ ಹೆಚ್ಚು ಕಾತರದಿಂದ ವಿಚಾರಿಸತೊಡಗಿದರು. ‘ನಾಳೆ ಜೋರು ಬರ್ತದಂತಾ?’ ಎಂದು ಮೆಟ್ಟಿಲಲ್ಲಿ ಸಿಕ್ಕಾಗ ಕೇಳುವರು. ಜೋರು ಬಂದರೆ ತಾನೇ ಸುದ್ದಿ.

ಸೊಸೈಟಿಯ ಮೀಟಿಂಗಿನಲ್ಲಿ ಯಾರೋ ಒಬ್ಬರು, ‘ನಮ್ಮಿಂದ ತಿಂಗಳು ತಿಂಗಳು ಹಣ ತೆಗೆದುಕೊಂಡು ವರ್ಷಗಟ್ಟಲೆ ಹಳೆಯ ನೀರು ತೋರಿಸ್ತಾನೆ’ ಎಂದು ದೂರಿದರು. ಕೇಬಲ್‌ವಾಲಾನನ್ನು ಕೇಳಿದ್ದೂ ಆಯಿತು. ‘ಮಳೆಯಲ್ಲಿ ಕ್ಯಾಮೆರಾ ಕೆಡ್ತದೆ ಅಂಕಲ್’ ಎಂದ. ನಿಜಕ್ಕೂ ಅದೇ ಕಾರಣವೋ, ಬೇರೆಯೋ, ನಾನು ಕೆದಕಲಿಲ್ಲ. ಕಾಕು ಆ ಮೀಟಿಂಗಿನಲ್ಲಿ ಇದ್ದರು. ‘ನೀರು ನೀರೇ, ಹಳತೇನು ಹೊಸತೇನು’ ಎಂದರು.

ಅಷ್ಟರಲ್ಲಿ ಬಾಲ್ಕನಿಗಳಲ್ಲಿ ಪುಟ್ಟ ಪುಟ್ಟ ಡಿಟಿಎಚ್ ಕೊಡೆಗಳು ಅರಳತೊಡಗಿದ್ದವು. 2003ರಲ್ಲಿ ಡಿಶ್ ಟೀವಿ, 2006ರಲ್ಲಿ ಟಾಟಾ ಸ್ಕೈ. ಆ ಕೊಡೆ ಕಟ್ಟಿದ ಮನೆಯವರಿಗೆ ಇಡೀ ಜಗತ್ತು ಕಾಣುತ್ತಿತ್ತು, ಗೋರೆಗಾಂವ್ ಒಂದನ್ನು ಬಿಟ್ಟು. ಆಮೇಲೆ ಮುಂಬಯಿಗೆ ಕಡ್ಡಾಯದ ಡಿಜಿಟಲ್ ಬಂತು. ಮೊದಲು 2012ರ ಜೂನ್ 30 ಎಂದರು, ಆಮೇಲೆ ಅಕ್ಟೋಬರ್ 31ಕ್ಕೆ ಮುಂದೂಡಿದರು. ಆ ನಾಲ್ಕು ತಿಂಗಳ ಜೀವದಾನದ ನಡುವೆ, ಜುಲೈ 17ರಂದು, ಮೃಣಾಲ್‌ತಾಯಿ ತೀರಿಕೊಂಡರು. ನಮ್ಮ ವಾಹಿನಿ ಅಂದು ಜಾಹೀರಾತಿನ ಪಟ್ಟಿ ಓಡಿಸಲಿಲ್ಲ. ಹಿಂದೆಂದೂ ನಿಲ್ಲದ ಆ ಪಟ್ಟಿ, ಅದರಲ್ಲಿ ಕೋಚಿಂಗ್ ಕ್ಲಾಸು, ಮಂಡಿನೋವಿನ ಎಣ್ಣೆ, ನಗರಸೇವಕರ ಹುಟ್ಟುಹಬ್ಬದ ಹಾರ್ದಿಕ ಶುಭೇಚ್ಛೆ, ಒಂದು ದಿನ ಸುಮ್ಮನಾಯಿತು. ಕೇಬಲ್‌ವಾಲಾ ಹಣ ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಆಗ ಮಾತ್ರ.

ಅಕ್ಟೋಬರ್ 31ರ ಮಧ್ಯರಾತ್ರಿ ಹಳೆಯ ತಂತಿಯಲ್ಲಿ ಚಿತ್ರ ನಿಂತಿತು. ಸೆಟ್‌ಟಾಪ್ ಬಾಕ್ಸು ಬಂದ ಮೇಲೂ ವಾಹಿನಿ ಕೆಲಕಾಲ ಉಸಿರಾಡುತ್ತಿತ್ತು, ಎಲ್ಲೋ ಮೂರಂಕಿಯ ಕೊನೆಯ ನಂಬರಿನಲ್ಲಿ. ಮೊದಲು ಅದು ದೂರದರ್ಶನದ ಪಕ್ಕದಲ್ಲಿತ್ತು. ಕ್ರಿಕೆಟ್ಟು ಹುಡುಕುತ್ತ ಹೋದವನ ಬೆರಳು ದಾರಿಯಲ್ಲಿ ತನ್ನದೇ ಗಲ್ಲಿಗೆ ಎಡವುತ್ತಿತ್ತು. ಈಗ ನಂಬರು ಒತ್ತಿ ಉದ್ದೇಶಪೂರ್ವಕ ಹೋಗಬೇಕು. ನೆರೆಮನೆಗೆ ಯಾರಾದರೂ ಅಪಾಯಿಂಟ್‌ಮೆಂಟ್ ಮಾಡಿಕೊಂಡು ಹೋಗುತ್ತಾರೆಯೇ? ಒಂದು ದಿನ ಆ ನಂಬರಿನಲ್ಲಿ ಅಡುಗೆ ಪಾತ್ರೆ ಮಾರುವವರು ಬಂದಿದ್ದರು. ಯಾವ ದಿನದಿಂದ ಎಂದು ಯಾರಿಗೂ ಗೊತ್ತಾಗಲಿಲ್ಲ. ಕಾಕು ಅದಕ್ಕೂ ಮೊದಲೇ ಮಗನ ಜೊತೆ ನಾಸಿಕ್‌ಗೆ ಹೋಗಿದ್ದರು. ಅಲ್ಲಿ ಮಳೆಯ ಸುದ್ದಿಯಲ್ಲಿ ಯಾರು ಹಾದುಹೋಗುತ್ತಾರೋ.

ಕೇಬಲ್‌ವಾಲಾ ಈಗ ಇಂಟರ್‌ನೆಟ್‌ವಾಲಾ. ಅದೇ ತಂತಿ, ಅದೇ ಮೆಟ್ಟಿಲು. ಕೂದಲು ಮಾತ್ರ ಬಿಳಿ. ಮೊನ್ನೆ ನಮ್ಮ ವೈಫೈ ಕೆಟ್ಟಾಗ ಹುಡುಗರನ್ನು ಕಳಿಸದೆ ತಾನೇ ಬಂದ. ಡಬ್ಬಿಯನ್ನು ಆರಿಸಿ ಹಚ್ಚಿ ಸರಿಮಾಡಿ, ಚಾ ಕುಡಿಯುತ್ತ ಮೊಬೈಲು ತೆಗೆದು, ‘ಅಂಕಲ್, ಯೂಟ್ಯೂಬ್‌ನಲ್ಲಿ ಮತ್ತೆ ಶುರುಮಾಡಿದ್ದೇನೆ’ ಎಂದು ತೋರಿಸಿದ. ನೋಡಿದವರ ಲೆಕ್ಕ ಎರಡಂಕಿಯಲ್ಲಿತ್ತು. ಅದರಲ್ಲಿ ಅರ್ಧ ಅವನ ಮನೆಯವರೇ ಎಂದು ಅವನೇ ನಕ್ಕ. ಆಮೇಲೆ ನಮ್ಮ ಕಿಟಕಿಯಿಂದ ಕೆಳಗೆ ಇಣುಕಿ, ‘ಗಟಾರ ಇನ್ನೂ ಹಾಗೇ ಇದೆ. ಒಂದು ಬೈಟ್ ಕೊಡಿ’ ಎಂದ.

ನಾನು ಬೇಡ ಬೇಡವೆನ್ನುವಷ್ಟರಲ್ಲಿ ಇವಳು ಒಳಗಿನಿಂದ ಇಸ್ತ್ರಿ ಮಾಡಿದ ಅಂಗಿ ತಂದಳು. ತೊಟ್ಟು, ಕಿಟಕಿಯ ಬೆಳಕಿಗೆ ಮುಖಮಾಡಿ ನಿಂತು, ಮಹಾನಗರಪಾಲಿಕೆಯನ್ನು ನಾಲ್ಕು ಮಾತು ಖಂಡಿಸಿದೆ. ಒಂದು ಕಡೆ ಮರಾಠಿ ತಪ್ಪಿತು. ‘ಇನ್ನೊಮ್ಮೆ ಹೇಳಲಾ?’ ಎಂದೆ.

‘ಬೇಡ ಅಂಕಲ್, ಲೈವ್ ಇತ್ತು. ಹೋಗಿ ಆಯಿತು.’

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಇವಳು ನನ್ನ ಬೆನ್ನಿಗೆ ಮೆಲ್ಲಗೆ ತಿವಿದಳು. ‘ರೀ, ರಾತ್ರಿ ಒಂಬತ್ತಕ್ಕೆ ಇನ್ನೊಂದು ಸಲ ಹಾಕ್ತಾನಾ ಕೇಳಿ. ಅಕ್ಕನಿಗೆ ಫೋನು ಮಾಡಿ ಹೇಳ್ಬೇಕು.’